ಊರಲ್ಲಿ ಯಾರೂ ಸಾಯದ ದಿನಗಳು

ಲಿಫ್ಟ್ ರಿಪೇರಿ ಮಾಡುವ ಮಾಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಅವನ ಜೊತೆಗಿರುವ ಅಕ್ಕನಿಗೆ ಕಣ್ಣು ಮಂಜು. ಟ್ಯಾಬ್‌ನಲ್ಲಿ ಅಕ್ಷರವನ್ನು ಹೆಬ್ಬೆರಳಿನಷ್ಟು ದಪ್ಪ ಮಾಡಿಕೊಂಡು ಪೇಪರ್ ಓದಿದರೇ ಅವಳಿಗೆ ಬೆಳಗಾದಂತೆ. ಆದರೆ ಒಂದು ಸಾಲು ಓದುವಷ್ಟರಲ್ಲಿ ಕೂದಲೆಣ್ಣೆಯ ಜಾಹೀರಾತು ಧುತ್ತೆಂದು ಎದುರಾಗುತ್ತಿತ್ತು. ಬೆರಳು ಅದಕ್ಕೆ ತಗುಲಿ, ಸುದ್ದಿ ಹೋಗಿ ಅಂಗಡಿ ತೆರೆದುಕೊಳ್ಳುತ್ತಿತ್ತು.

"ಓದೋಕೆ ಕೂತ್ರೆ ಸಂತೆಗೆ ಎಳ್ಕೊಂಡು ಹೋಗ್ತಾರಲ್ಲೋ!" ಎಂದಳು ಅಕ್ಕ.

"ಇವರ ಮನೆ ಹಾಳಾಗ!" ಎಂದು ಮಾಮ ಆಫೀಸಿನವರು ಮೂಲೆಗೆಸೆದಿದ್ದ ಕಂಪ್ಯೂಟರೊಂದನ್ನು ಹೊತ್ತು ತಂದು, ಚಪ್ಪಲಿ ಗೂಡಿನ ಮೇಲಿಟ್ಟು, ತಿಣುಕಾಡಿ ಪ್ರಾಕ್ಸಿ ಸರ್ವರ್ ಮಾಡಿದ. ಟ್ಯಾಬ್ ಕೇಳಿದ್ದೆಲ್ಲ ಇನ್ನು ಅದರ ಮೂಲಕವೇ ಬರಬೇಕು. ಜಾಹೀರಾತಿನ ವಿಳಾಸದಿಂದ ಬಂದದ್ದನ್ನು ಅದು ಬಾಗಿಲಲ್ಲೇ ತಡೆಯುತ್ತದೆ. ಅಕ್ಕ ಅಡ್ಡಿಯಿಲ್ಲದೆ ಓದತೊಡಗಿದಳು. ಮಾಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಲಿಫ್ಟ್ ಹತ್ತಿದವರಿಗೆಲ್ಲ ಅದೇ ಪುರಾಣ. ಕೇಳಿ ಕೇಳಿ ಬೇಸತ್ತವರು ಅವನಿಗೆ ಜರಡಿ ಮಾಮ ಎಂದು ಹೆಸರಿಟ್ಟರು.

ಅಕ್ಕನಿಗಿದ್ದವಳು ಒಬ್ಬಳೇ ಗೆಳತಿ, ಹಿಂದೆ ಕೆಲಸಕ್ಕಿದ್ದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪಕ್ಕದ ಕುರ್ಚಿಯವಳು. ಏನೋ ಮಾತಿಗೆ ಮಾತು ಬೆಳೆದು ಇಬ್ಬರೂ ಮಾತು ಬಿಟ್ಟಿದ್ದರು. ಅವಳು ಹಾಸಿಗೆ ಹಿಡಿದಳೆಂದು ಗೊತ್ತಾದ ಮೇಲೆ ಅಕ್ಕ ಮೊದಲು ತೆರೆಯುತ್ತಿದ್ದದ್ದು ನಿಧನದ ಪುಟ.

"ಇವತ್ತೂ ಅವಳ ಹೆಸರಿಲ್ಲ. ಅಂದ್ರೆ ಇದ್ದಾಳೆ. ಕಣ್ಣಿನ ಆಪರೇಷನ್ ಆಗ್ಲಿ, ನಾನೇ ಹೋಗಿ ಮಾತಾಡಿಸ್ತೀನಿ," ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಕೇಳಿದಳು: "ಅಲ್ವೋ, ಇತ್ತೀಚೆಗೆ ಊರಲ್ಲಿ ಯಾರೂ ಸಾಯ್ತಾನೇ ಇಲ್ವಲ್ಲೋ? ಪುಟ ಪೂರ್ತಿ ಖಾಲಿ!"

"ಒಳ್ಳೇದೇ ಆಯ್ತಲ್ಲ, ಯಮನಿಗೂ ರಜ ಬೇಡ್ವಾ?" ಎಂದ ಮಾಮನ ನಗು ಅರ್ಧಕ್ಕೇ ನಿಂತಿತು.

ಚಪ್ಪಲಿ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಸರ್ವರ್ ಏನೇನು ತಡೆದಿದೆ ಎಂದು ನೋಡಿದ. ನಿಧನದ ಪ್ರಕಟಣೆಯೂ ದುಡ್ಡು ಕೊಟ್ಟು ಹಾಕಿಸುವಂಥದ್ದೇ. ಪತ್ರಿಕೆಯವರು ಅದನ್ನೂ ಕೂದಲೆಣ್ಣೆ ಬರುವ ವಿಳಾಸದಿಂದಲೇ ಕಳಿಸುತ್ತಿದ್ದರು. ತಡೆ ತೆಗೆದು ಹಿಂದಿನ ಪುಟಗಳನ್ನು ಹುಡುಕಿದ. ಹೋದ ವಾರದ್ದರಲ್ಲಿ ಗೆಳತಿಯ ಫೋಟೊ ಇತ್ತು.

ಹೇಳದೆ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಅಕ್ಕ ನಾಳೆಯೂ "ಇದ್ದಾಳೆ" ಎನ್ನುತ್ತಾಳಲ್ಲ, ಅದನ್ನು ಕೇಳಿಕೊಂಡು ಕೂರುವುದು ಹೇಗೆ?

"ಅಕ್ಕಾ, ನನ್ನ ಮಿಷನ್ನು ತಪ್ಪು ಮಾಡ್ಬಿಡ್ತು. ಮಿಷನ್ ಅಲ್ಲ, ನಾನೇ," ಎಂದು ಎಲ್ಲ ಹೇಳಿದ.

ಅಕ್ಕ ಟ್ಯಾಬನ್ನು ತೊಡೆಯ ಮೇಲೆ ಬೋರಲು ಹಾಕಿದಳು. "ಸತ್ತಿದ್ದೂ ಜಾಹೀರಾತೇನೋ?" ಎಂದಳು ಆಮೇಲೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಾನು ಓದಿ ಹೇಳ್ಲಾ?"

"ಬೇಡ. ಅಕ್ಷರ ದಪ್ಪ ಮಾಡಿಕೊಡು, ನಾನೇ ಓದ್ತೀನಿ."

ತಡೆ ತೆಗೆದಿದ್ದರಿಂದ ಫೋಟೊದ ಕೆಳಗೇ ಎಣ್ಣೆ ಬಾಟಲಿ ಕುಣಿಯುತ್ತಾ ಬಂತು. ಅಕ್ಕನ ಬೆರಳು ಒಂದೊಂದೇ ಅಕ್ಷರ ಹಿಡಿದು ಸಾಗಿತು. ಅವಳು ಓದಿ ಮುಗಿಸುವವರೆಗೂ ಮಾಮ ಆ ಬಾಟಲಿಗೆ ತನ್ನ ಅಂಗೈ ಅಡ್ಡ ಹಿಡಿದು ನಿಂತಿದ್ದ.