ತಾತನ ಗದ್ದುಗಿಗೆ ಕಟ್ಟಿದ ಗಾಡಿ ಚಾವಿ

ನನ್ನ ಮಗಳ ಕಾಲು ಮುರಿದವ ನಾನ. ಮೊದಲಿಗೆ ಇದನ್ನ ಹೇಳಿಬಿಡ್ತೀನಿ, ಯಾಕಂದ್ರ ಬಾಳ ದಿನ ಈ ಮಾತು ನನ್ನ ಬಾಯಾಗ ಬರಲಿಲ್ಲ. ನಮ್ಮೂರ ಗದ್ದುಗಿ ಶರಣ ತಾತನ ಭಕ್ತರು ಓದೋ ಈ ಹಾಳಿಯೊಳಗ ಸುಳ್ಳು ಬರೀಬಾರದು.

ಕುರ್ಡಿ ಹತ್ತಿರದ ಊರು ನಮ್ಮದು. ಪಂಚಾಯತಿಯೊಳಗ ನೀರು ಬಿಡೋ ಕೆಲಸ ನಂದು. ಹೋದ ವರ್ಷ ದೀಪಾವಳಿ ಆಗಿ ಎಂಟು ದಿನಕ್ಕ, ದೇವದುರ್ಗದಾಗ ಬೀಗರ ಮನಿ ತೊಟ್ಲ ಕಾರ್ಯ ಮುಗಿಸಿ ನಾನೂ ಮಗಳು ಮಾದೇವಿನೂ ಗಾಡಿ ಮ್ಯಾಲ ಊರಿಗೆ ಬರಾಕತ್ತಿದ್ವಿ. ಆಕಿ ಮಾನ್ವಿಯೊಳಗ ಬಿ.ಎ. ಓದಾಕಿ. ಕಲ್ಮಲ ದಾಟಿದ ಮ್ಯಾಲ ರಸ್ತಾದ ಅರ್ಧಕ್ಕ ಭತ್ತದ ನೆಲ್ಲು ಒಣಗಾಕ ಹರವಿದ್ರು, ಅಂಚಿಗೆ ಸಾಲಾಗಿ ಕಲ್ಲು ಇಟ್ಟಿದ್ರು. ಸುಗ್ಗಿ ಬಂತಂದ್ರ ಟಾರು ರಸ್ತಾನ ನಮಗ ಕಣ. ಎದುರಿಗೆ ಟ್ರ್ಯಾಕ್ಟರ್ ಬಂತು. ನಾ ಗಾಡಿನ ನೆಲ್ಲಿನ ಮ್ಯಾಲ ಇಳಿಸಿ ಮುಂದಿನ ಬ್ರೇಕ್ ಒತ್ತಿ ಹಿಡಿದೆ. ಗಾಲಿ ಜಾರಿತು. ನನಗ ಮೊಣಕೈ ತರಚಿದ್ದು ಬಿಟ್ರ ಏನೂ ಆಗಲಿಲ್ಲ. ಮಾದೇವಿ ತಲಿ ಕಲ್ಲಿಗೆ ಬಡೀತು, ಬಲಗಾಲು ಗಾಡಿ ಬುಡಕ ಸಿಕ್ಕು ತೊಡಿ ಎಲುಬು ಮೂರು ತುಂಡಾತು.

ರಾಯಚೂರು ದವಾಖಾನ್ಯಾಗ ಎರಡು ದಿನ ಆಕಿ ಕಣ್ಣು ತೆಗೀಲಿಲ್ಲ. ನಮ್ಮನ್ನ ಒಳಗ ಬಿಡ್ತಿದ್ದಿಲ್ಲ, ಬಾಗಿಲ ಗಾಜಿನಾಗಿಂದ ನೋಡಬೇಕು. ಬಂದ ಮಂದಿಗೆಲ್ಲ ನಾ ಒಂದ ಮಾತು ಹೇಳಿದೆ, ನೆಲ್ಲು ಹಾಕಿದವರು ನನ್ನ ಮಗಳನ್ನ ಹಿಂಗ ಮಾಡಿದ್ರು ಅಂತ. ಆ ನೆಲ್ಲಿನ ರೈತ ಹಣ್ಣು ತಗೊಂಡು ನೋಡಾಕ ಬಂದ್ರ, ಎಲ್ಲರ ಮುಂದ ಬಾಯಿಗೆ ಬಂದಂಗ ಬೈದೆ. ಪಾಪ, ತಲಿ ತಗ್ಗಿಸಿ ಹೋದ. ಎರಡನೇ ದಿನ ಸಂಜಿಕ ದವಾಖಾನಿ ಮೆಟ್ಟಲ ಮ್ಯಾಲ ಕುಂತು ನಮ್ಮೂರ ಗದ್ದುಗಿ ತಾತಗ ಹರಕಿ ಹೊತ್ತೆ: ತಾತ, ಈಕಿ ಜೀವ ಉಳಿಸು, ಸಾಯೋತನಕ ಗಾಡಿ ಮುಟ್ಟಂಗಿಲ್ಲ. ಮರುದಿನ ಮುಂಜಾನಿ ಮಗಳು ಕಣ್ಣು ತೆಗೆದು ನೀರು ಕೇಳಿದ್ಲು. ನಾ ಊರಿಗೆ ಹೋಗಿ ಗಾಡಿ ಚಾವಿನ ಕೆಂಪು ಅರಿವ್ಯಾಗ ಸುತ್ತಿ ಗದ್ದುಗಿ ಚೌಕಟ್ಟಿಗೆ ಕಟ್ಟಿ ಬಂದೆ.

ಜೀವ ಉಳೀತು, ಆದ್ರ ಕಾಲು ಮಡಚಲಿಲ್ಲ. ರಾಡು ಹಾಕಿದ ಮ್ಯಾಲ ಮೊಣಕಾಲು ಕಟ್ಟಿಗಿ ಆಗಿತ್ತು. ದಿನಾ ರಾಯಚೂರಿಗೆ ಬಂದು ವ್ಯಾಯಾಮ ಮಾಡಿಸ್ರಿ, ಎರಡು ತಿಂಗಳ ಒಳಗ ಮಡಚಲಿಲ್ಲಂದ್ರ ಮುಂದ ಎಂದೂ ಮಡಚಂಗಿಲ್ಲ ಅಂತ ಡಾಕ್ಟ್ರು ಹೇಳಿದ್ರು. ನಾಕು ದಿನ ಬಸ್ಸಿಗೆ ಹೋದ್ವಿ. ನಿಂದರಾಕ ಜಾಗ ಇಲ್ಲದ ಬಸ್ಸು, ಕಾಲು ಚಾಚಿಕೊಂಡ ಹುಡುಗಿ. ನಾಕನೇ ದಿನ ಇಳಿಯೋ ಮುಂದ ಹಿಂದಿನವರು ನೂಕಿ, ಆಕಿ ಮೆಟ್ಟಲ ಮ್ಯಾಲಿಂದ ಬಿದ್ಲು. ಆಮ್ಯಾಲ ಬಸ್ಸು ಅಂದ್ರ ಅಳಾಕ ಹತ್ತಿದ್ಲು. ಆಜುಬಾಜು ಮನಿಯವರು ಎರಡು ದಿನ ತಮ್ಮ ಗಾಡಿ ಮ್ಯಾಲ ಕರ್ಕೊಂಡು ಹೋದ್ರು. ದಿನಾ ಯಾರು ಕೆಲಸ ಬಿಟ್ಟು ಬರ್ತಾರ?

ನನ್ನ ಗಾಡಿ ಅಂಗಳದಾಗ ನಿಂತಿತ್ತು. ಮುಟ್ಟಿದ್ರ ಹರಕಿ ಮುರೀತದ, ಮಗಳಿಗೆ ಮತ್ತ ಏನಾರ ಆಗ್ತದ ಅಂತ ನನ್ನ ಹೆಂಡತಿ ಶಾಂತವ್ವ ಅಂದ್ಲು. ಖರೇ ಹೇಳ್ತೀನಿ, ಆ ಮಾತು ಕೇಳಿ ನನಗ ಸಮಾಧಾನ ಆತು. ಓಣ್ಯಾಗ ಯಾರಾರ ಗಾಡಿ ಚಾಲೂ ಮಾಡಿದ್ರ ಸಾಕು, ನನ್ನ ಅಂಗೈ ಬೆವರ್ತಿತ್ತು, ಕೈ ನಡಗ್ತಿತ್ತು. ಹರಕಿ ಅಂದ್ರ ಯಾರೂ ಎದುರು ಮಾತಾಡಂಗಿಲ್ಲ. ನಾ ಅದರ ಹಿಂದ ಅಡಗಿ ಕುಂತೆ.

ಮೂರು ವಾರ ಹಿಂಗ ಹೋತು. ಆಮ್ಯಾಲ ಮನಸು ತಡೀಲಾರದ ಗದ್ದುಗಿಗೆ ಹೂವಿನ ಅಪ್ಪಣಿ ಕೇಳಾಕ ಹೋದೆ. ಬಲಗಡಿ ಹೂವು ಬಿದ್ರ ಚಾವಿ ಬಿಚ್ಚಬೇಕು, ಎಡಗಡಿ ಬಿದ್ರ ಬಿಡಬೇಕು. ಮಧ್ಯಾಹ್ನದ ತನಕ ಕೈ ಮುಗಿದು ಕುಂತೆ. ಆ ಕಡಿಯೂ ಬೀಳಲಿಲ್ಲ, ಈ ಕಡಿಯೂ ಬೀಳಲಿಲ್ಲ. ತಾತ ನನ್ನ ಕೈ ಬಿಟ್ಟ ಅಂತ ಅತ್ಗೊಂತ ಮನಿಗೆ ಬಂದು, ಹೂವು ಬೀಳದ ಸುದ್ದಿ ಹೇಳಿದೆ.

ಮಾದೇವಿ ಹೊರಸಿನ ಮ್ಯಾಲ ಕಾಲು ಚಾಚಿ ಕುಂತಿದ್ಲು. ಸಿಟ್ಟು ಮಾಡಲಿಲ್ಲ, ಸಣ್ಣ ದನಿಲೆ ಅಂದ್ಲು: "ಯಪ್ಪಾ, ಹರಕಿ ಹೊತ್ತಾವ ನೀನು. ತೀರಸಾಕತ್ತಿದ್ದು ನನ್ನ ಕಾಲು."

ಹಂಗ ಎದ್ದು ಗದ್ದುಗಿಗೆ ತಿರುಗಿ ಹೋಗಿ, ಪೂಜಿ ಮಾಡೋ ಅಯ್ಯನವರ ಮುಂದ ಎಲ್ಲಾ ಕಕ್ಕಿದೆ. ಅವತ್ತು ದೇವದುರ್ಗದಿಂದ ಬರೋ ಮುಂದ ಒಂದು ಬಸ್ಸನ್ನ ಹಿಂದ ಹಾಕೋ ಹಟಕ್ಕ ಬಿದ್ದಿದ್ದೆ. ಸಾವಕಾಶ ಯಪ್ಪಾ, ಸಾವಕಾಶ ಅಂತ ಮಗಳು ಎರಡು ಸಲ ಹೇಳಿದ್ಲು. ಇಪ್ಪತ್ತು ವರ್ಷದಿಂದ ಓಡಸ್ತೀನಿ, ನನಗ ಹೇಳಾಕ ಬರ್ತಿಯೇನಬೇ ಅಂತ ಬೈದು ಇನ್ನ ಜೋರು ಬಿಟ್ಟೆ. ನೆಲ್ಲು ದೂರದಿಂದನ ಕಂಡಿತ್ತು. ನಿಂದ್ರಸಬಹುದಿತ್ತು. ಮಗಳು ಇದನ್ನ ಯಾರ ಮುಂದೂ ಬಾಯಿ ಬಿಟ್ಟಿದ್ದಿಲ್ಲ, ಅವ್ವನ ಮುಂದ ಸೈತ.

ಅಯ್ಯನವರು ಎಲ್ಲಾ ಕೇಳಿ, ಎದ್ದು ಗಂಟು ಬಿಚ್ಚಿ ಚಾವಿ ನನ್ನ ಕೈಯಾಗ ಇಟ್ರು. "ತಾತ ಜೀವ ಕೊಟ್ಟ. ಚಾವಿ ಅವ ಬೇಡಿದ್ದಿಲ್ಲಪ್ಪಾ, ನೀನ ತಂದು ಕಟ್ಟಿದಿ. ಅಂಜಿಕಿ ಕಟ್ಟಿ ಹರಕಿ ಅಂದ್ರ ಹೂವಾರ ಏನು ಹೇಳಬೇಕು?" ಅಂದ್ರು. ನಾ ಅಲ್ಲೇ ಉದ್ದಕ ಬಿದ್ದು ಬೇಡಿಕೊಂಡೆ, ತಾತ, ನನ್ನ ಕೈ ನಡಗದಂಗ ಮಾಡು, ಮತ್ತೇನೂ ಬ್ಯಾಡ ಅಂತ.

ಅಂಜಿಕಿ ಒಂದ ದಿನಕ್ಕ ಹೋಗಲಿಲ್ಲ. ಮಾನ್ವಿಯೊಳಗ ಗಾಡಿ ರಿಪೇರಿ ಮಾಡೋ ಖಾಜಾಸಾಬ್ ನನ್ನ ಹಳೇ ದೋಸ್ತ. ಇಪ್ಪತ್ತು ವರ್ಷ ನೀ ಗಾಡಿ ಓಡಿಸಿಲ್ಲಲೇ, ಗಾಡಿ ನಿನ್ನ ಓಡಿಸ್ಯಾದ ಅಂತ ನಕ್ಕು, ಮೊದಲಿಂದ ಕಲಿಸಿದ. ಎರಡು ದಿನ ಸ್ಟ್ಯಾಂಡ್ ಹಾಕಿ, ಇಂಜಿನ್ ಚಾಲೂ ಮಾಡಿ ಬರೇ ಕೂಡಿಸಿದ. ಆಮ್ಯಾಲ ಸಂತಿ ಬಯಲಾಗ ಒಂದನೇ ಗೇರಿನಾಗ ಸುತ್ತು. ಗಾಲಿ ನೋಡಬ್ಯಾಡ, ದೂರ ನೋಡು ಅಂತಿದ್ದ. ಕಡೀಕ ಒಂದು ಚೀಲ ನೆಲ್ಲಿನ ಹೊಟ್ಟು ಸುರುವಿ, ಇದರ ಮ್ಯಾಲ ದಾಟು ಅಂದ. ಮುಂದಿನ ಬ್ರೇಕ್ ಮುಟ್ಟಬಾರದು, ಮೊದಲ ವೇಗ ತಗ್ಗಿಸಿ, ಹ್ಯಾಂಡಲ್ ನೆಟ್ಟಗ ಹಿಡಿದು ಹಗೂರಕ ದಾಟಬೇಕು. ಹೊಟ್ಟು ಕಂಡ ಕೂಡಲೇ ನನ್ನ ಬೆರಳು ತಾವ ಬ್ರೇಕ್ ಹಿಡೀತಿದ್ವು. ಎರಡು ಸಲ ಬಿದ್ದೆ, ಒಂದು ಸಲ ವಾಂತಿ ಆತು. ಹನ್ನೊಂದನೇ ದಿನ ತಾತನ ಹೆಸರು ಹೇಳ್ಕೊಂತ ದಾಟಿದೆ. ಖಾಜಾಸಾಬ್ ಮಗಳ ಕಾಲು ಚಾಚಿ ಇಡಾಕ ಗಾಡಿಗೆ ಒಂದು ಕಬ್ಬಿಣದ ಪಟ್ಟಿ ಬೆಸದು ಕೊಟ್ಟ. ಅಲ್ಲಿಂದ ನೆಟ್ಟಗ ಆ ರೈತನ ಮನಿಗೆ ಹೋಗಿ ಕೈ ಮುಗಿದೆ. ಅವ ಮಜ್ಜಿಗಿ ಕೊಟ್ಟ.

ಮುಂದ ಮೂರು ತಿಂಗಳು ದಿನಾ ಮುಂಜಾನಿ ನೀರು ಬಿಟ್ಟು, ಮಗಳನ್ನ ಕೂಡಿಸ್ಕೊಂಡು ರಾಯಚೂರಿಗೆ ಹೋದೆ. ಮೊದಲ ವಾರ ಆಕಿ ನನ್ನ ಅಂಗಿ ಹಿಡಿದ ಹಿಡಿತಕ್ಕ ಗುಂಡಿ ಕಿತ್ತಿದ್ವು. ಒಳಗ ಕಾಲು ಒತ್ತೋ ಮುಂದ ಆಕಿ ಚೀರೋದು ಹೊರಗ ಕುಂತ ನನಗ ಕೇಳ್ತಿತ್ತು. ಕಾಲು ಒಂದೊಂದು ಬೆರಳಿನಷ್ಟು ಮಡಚಾಕ ಹತ್ತಿತು.

ಯುಗಾದಿ ಆದ ಮ್ಯಾಲ ಒಂದಿನ ವ್ಯಾಯಾಮದ ಮೇಡಂ ಅಳತಿ ಮಾಡಿ, ಇಷ್ಟಕ್ಕ ನಿಂತದ, ಇನ್ನ ಮುಂದ ಮಡಚಂಗಿಲ್ಲ ಅಂದ್ರು. ಕುರ್ಚಿ ಮ್ಯಾಲ ಕುಂದ್ರಬಹುದು, ಕುಂಟ್ಕೊಂತ ನಡೀಬಹುದು, ನೆಲಕ್ಕ ಕುಂದ್ರಾಕ ಆಗಂಗಿಲ್ಲ. ತಿಂಗಳ ಮೊದಲ ಬಂದಿದ್ರ ಇನ್ನಷ್ಟು ಮಡಚ್ತಿತ್ತು ಅಂತನೂ ಅಂದ್ರು. ಆ ತಿಂಗಳು ಯಾರು ಕಳದದ್ದು ಅನ್ನೋದು ನಮ್ಮಿಬ್ಬರಿಗೂ ಗೊತ್ತಿತ್ತು.

ಅರ್ಧ ಉಳಿದದ್ದು ತಾತನ ಕೃಪಾ, ಅರ್ಧ ಹೋದದ್ದು ನನ್ನ ತಪ್ಪು. ಇದನ್ನ ಓದೋ ಭಕ್ತರಿಗೆ ಒಂದ ಕೇಳ್ಕೋತೀನಿ: ತಾತನ ಮುಂದ ಹರಕಿ ಕಟ್ಟೋಕಿಂತ ಮೊದಲು ತಪ್ಪು ಹೇಳ್ಕೋರಿ.

ಅವತ್ತು ಮೇಡಂ ಹಂಗ ಅಂದ ಮ್ಯಾಲ ತಿರುಗಿ ಬರೋ ಮುಂದ ರಾಯಚೂರು ದಾಟಿದ್ವಿ. ಆಮ್ಯಾಲ ಮಗಳು ನನ್ನ ಬೆನ್ನಿಗೆ ಮುಖ ಒತ್ತಿ ಅಳಾಕ ಹತ್ತಿದ್ಲು. ಅಂಗಿ ತೊಯ್ದದ್ದು ಬೆನ್ನಿಗೆ ತಿಳೀತು. ಮುಂದ ಲಾರಿ, ಹಿಂದ ಲಾರಿ. ಬದಿಗೆ ನಿಂದ್ರಸಲೇನವಾ ಅಂತ ಕೇಳಿದೆ.

"ನಿಂದ್ರಸಬ್ಯಾಡ ಯಪ್ಪಾ. ನೀ ನಡಿ, ನಾ ಅಳ್ತೀನಿ," ಅಂದ್ಲು.

ನನಗೂ ಕಣ್ಣಾಗ ನೀರು ಬಂದಿತ್ತು, ಆದ್ರ ಕೈ ನಡಗಲಿಲ್ಲ. ಮನಿ ಬರೋತನಕ ಆಕಿ ಅತ್ಲು, ನಾ ಸಾವಕಾಶ ಓಡಿಸಿದೆ.