ಮನೆಯವರ ಗಾಡಿಗೆ ಹಾಕದ ಫ್ಯೂಸು

ನಾಚಾರಂನ ಕಾರ್ಖಾನೆಗಳ ಸಾಲು ಮುಗಿಯುವ ತಿರುವಿನಲ್ಲಿ ಗುರುಶಾಂತನ ಅಂಗಡಿ. ಅಂಗಡಿ ಎಂದರೆ ಒಂದು ಶೆಟರು, ಮುಂದೆ ಎರಡು ಕಾರು ನಿಲ್ಲುವಷ್ಟು ಜಾಗ. ಕಾರುಗಳಿಗೆ ಟೇಪು, ಸ್ಪೀಕರು ಕೂರಿಸುವುದು ಅವನ ಕಸುಬು. ಆಳಂದದ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ತಂದೆಯ ಬೆನ್ನು ಹತ್ತಿ ಹೈದರಾಬಾದಿಗೆ ಬಂದವನು, ಇಲ್ಲಿಯದೇ ಒಂದು ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತುತ್ತ ಕರೆಂಟಿನ ಗುಣ ಕಲಿತ. ಆಮೇಲೆ ಊರ ಆ ತುದಿಯಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಎದ್ದವು. ಮೊನ್ನೆ ಮೊನ್ನೆಯವರೆಗೆ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದವರೆಲ್ಲ ಸಾಲ ಮಾಡಿ ಕಾರು ತಂದರು, ತಂದ ಮರುದಿನವೇ ಟೇಪು ಬೇಕೆಂದರು. ಗುರುಶಾಂತ ಕಾರ್ಖಾನೆ ಬಿಟ್ಟ.

ಸಾಮಾನು ಉಳಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಸ್ಪೀಕರಿನ ಚೌಕಟ್ಟಿಗೆ ಪೇಟೆಯಿಂದ ಪ್ಲಾಸ್ಟಿಕ್ ತರುವುದಿಲ್ಲ, ಬಡಗಿ ಬಿಸಾಡಿದ ಪ್ಲೈವುಡ್ಡನ್ನು ಕೊರೆದುಕೊಳ್ಳುತ್ತಾನೆ. ತಂತಿ ಬೇಕೆಂದರೆ ಗುಜರಿ ಸಾಬಣ್ಣನ ಹತ್ತಿರ ಕಾರ್ಖಾನೆಯ ಹಳೆ ತಂತಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ತಗಡಿನ ತೂತಿಗೆ ರಬ್ಬರ್ ಬುಷ್ ಇಲ್ಲದಿದ್ದರೆ ಸೈಕಲ್ ಟ್ಯೂಬಿನ ತುಂಡು. ಇದನ್ನು ಜಿಪುಣತನ ಎಂದವರ ಜೊತೆ ಅವನು ಜಗಳಕ್ಕೇ ನಿಲ್ಲುತ್ತಿದ್ದ.

ಆದರೆ ಒಂದು ಮಾತು ಅವನ ಪರವಾಗಿಯೂ ಹೇಳಬೇಕು. ಗಿರಾಕಿಯ ಗಾಡಿಯಲ್ಲಿ ಬ್ಯಾಟರಿಯಿಂದ ಬರುವ ತಂತಿಯ ವಿಷಯದಲ್ಲಿ ಅವನು ಎಂದೂ ಕೈ ಬಿಗಿ ಹಿಡಿದವನಲ್ಲ. ಅಲ್ಲಿ ಹೊಸ ದಪ್ಪ ತಂತಿ, ಅದರ ಬುಡದಲ್ಲಿ ಫ್ಯೂಸು. ತಂತಿ ಮಿತಿಮೀರಿ ಕಾದರೆ ತಾನು ಸುಟ್ಟುಕೊಂಡು ಗಾಡಿ ಉಳಿಸುವ ಬೆರಳುದ್ದದ ಸಾಮಾನು ಅದು. ಹೊರಗಿನವರು ನಾಳೆ ಬಂದು ಕೊರಳಪಟ್ಟಿ ಹಿಡಿಯುತ್ತಾರೆಂಬ ಭಯವೇ ಅವನಿಂದ ಅಷ್ಟು ಚೊಕ್ಕ ಕೆಲಸ ಮಾಡಿಸುತ್ತಿತ್ತು. ಮನೆಯವರು ಕೊರಳಪಟ್ಟಿ ಹಿಡಿಯುವುದಿಲ್ಲವಲ್ಲ, ತೊಂದರೆ ಬಂದದ್ದೇ ಅಲ್ಲಿ.

ಅಕ್ಕ ಶಿವದೇವಿಯ ಗಂಡ ಚಂದ್ರಾಮ ಹದಿನೈದು ವರ್ಷ ಗೌಂಡಿ ಕೆಲಸ ಮಾಡಿ, ಆ ಗಾಜಿನ ಕಟ್ಟಡಗಳಿಗೇ ಇಟ್ಟಿಗೆ ಇಟ್ಟು, ಕೊನೆಗೆ ಡ್ರೈವಿಂಗ್ ಕಲಿತು ಒಂದು ಹಳೆ ಸುಮೋ ಕೊಂಡ. ಸೋಮವಾರದಿಂದ ಒಂದು ಕಂಪನಿಯ ಹುಡುಗಿಯರನ್ನು ಕೆಲಸಕ್ಕೆ ಕರೆದೊಯ್ದು ಬಿಡುವ ಡ್ಯೂಟಿ. ಶನಿವಾರ ಗಾಡಿ ತಂದು ಅಂಗಡಿಯ ಮುಂದೆ ನಿಲ್ಲಿಸಿ, ಒಳ್ಳೆಯ ಟೇಪು ಹಾಕಿಕೊಡು ಎಂದ.

"ಹೊರಗಿನವರ ಕಡಿಂದ ಎಷ್ಟ ತಗೋತಿ, ಅಷ್ಟ ತಗೋ" ಎಂದು ನೋಟು ತೆಗೆದ.

"ಮಾವ, ಅಕ್ಕನ ಮನಿ ರೊಕ್ಕ ಮುಟ್ಟಿ ನಾ ಯಾವ ನರಕಕ್ಕ ಹೋಗ್ಲಿ? ಕಿಸೇದಾಗ ಇಟ್ಕೋರಿ" ಎಂದ ಗುರುಶಾಂತ.

ಅವರ ಕಡೆ ಪದ್ಧತಿಯೇ ಹಾಗೆ. ಕೊಟ್ಟ ಹೆಣ್ಣಿಗೆ ತವರಿನವರು ಕೊಡಬೇಕೇ ಹೊರತು ಅವಳ ಕೈಯಿಂದ ತೆಗೆದುಕೊಳ್ಳಬಾರದು. ತಂದೆ ತೀರಿದ ಮೇಲೆ ಶಿವದೇವಿಗೆ ತವರೆಂದರೆ ಗುರುಶಾಂತನೇ. ರೊಕ್ಕ ಇಲ್ಲವೆಂದ ಮೇಲೆ ಸಾಮಾನು ಎಲ್ಲಿಂದ ಬರಬೇಕು? ಯಾರೋ ಬಿಚ್ಚಿಸಿ ಬಿಟ್ಟುಹೋದ ಸ್ಪೀಕರು, ರಿಪೇರಿ ಮಾಡಿದ ಆಂಪ್ಲಿಫೈಯರು, ಸಾಬಣ್ಣನ ಸಣ್ಣ ತಂತಿ, ಟ್ಯೂಬಿನ ತುಂಡು. ಹೊಸ ಫ್ಯೂಸುಗಳ ಡಬ್ಬಿಗೆ ಒಮ್ಮೆ ಕೈ ಹೋಯಿತು. ಅದು ಗಿರಾಕಿಗಳದು, ಇವರದೇನು, ಮುಂದಿನ ವಾರ ಹಾಕಿದರಾಯಿತು ಎಂದುಕೊಂಡು ಕೈ ಹಿಂದಕ್ಕೆ ತೆಗೆದ. ಬ್ಯಾಟರಿಯ ತಂತಿಯನ್ನು ನೇರವಾಗಿ ಒಳಗೆ ಎಳೆದು ಜೋಡಿಸಿಬಿಟ್ಟ. ಟೇಪು ಹಚ್ಚಿದಾಗ ಶೆಟರಿನ ತಗಡು ಅದುರಿತು. ಚಂದ್ರಾಮ ಖುಷಿಯಿಂದ ಅವನ ಬೆನ್ನು ತಟ್ಟಿದ.

ಮರುದಿನ ಭಾನುವಾರ. ಮಧ್ಯಾಹ್ನ ಊಟ ಮಾಡಿ ಕೈ ತೊಳೆಯುತ್ತಿದ್ದಾಗ ಒಂದು ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಡ್ಯಾಶ್‌ಬೋರ್ಡು ಕರಗಿ ಕೆಳಗೆ ಇಳಿದಿತ್ತು. ಮುಂದಿನ ಸೀಟಿನ ಒಂದು ಬದಿ ಸುಟ್ಟು ಒಳಗಿನ ಸ್ಪ್ರಿಂಗು ಕಾಣುತ್ತಿತ್ತು. ಕಾರಿನವನು ಮೆಟ್ಟಿಲ ಮೇಲೆ ಕುಳಿತ. ಅವನ ಎಡಗೈಗೆ ಬಟ್ಟೆ ಸುತ್ತಿತ್ತು. ಗುರುಶಾಂತ ಬಾನೆಟ್ ಎತ್ತಿ ತಂತಿಯ ಜಾಡು ಹಿಡಿದ. ಯಾರೋ ಅಗ್ಗದಲ್ಲಿ ಮುಗಿಸಿಕೊಟ್ಟ ಕೆಲಸ. ತಂತಿ ಸಣ್ಣದು. ಬುಡದಲ್ಲಿ ಫ್ಯೂಸು ಇರಲಿಲ್ಲ.

"ಯಾವ ಕತ್ತೆ ಮಾಡ್ಯಾನ ಇದನ" ಎಂದು ಬೈಯಲು ಬಾಯಿ ತೆರೆದವನ ಮಾತು ಅಲ್ಲೇ ನಿಂತಿತು.

ಚಂದ್ರಾಮನ ಮೊಬೈಲಿಗೆ ಹಚ್ಚಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದ. ಅಕ್ಕನ ಪಕ್ಕದ ಮನೆಯ ಬಂಡೆಮ್ಮನ ನಂಬರಿಗೆ ಹಚ್ಚಿದ.

"ಅವರು ಎಲ್ಲಾರೂ ನಾಂಪಲ್ಲಿ ಎಗ್ಜಿಬಿಷನ್ನಿಗೆ ಹೋಗ್ಯಾರ್ರಿ. ಮುದುಕಿನೂ ಕರ್ಕೊಂಡು ಹೋಗ್ಯಾರ. ಏನ್ ಟೇಪ್ ಹಾಕೀರಿ, ಓಣಿ ತುಂಬ ಕೇಳಾಕತ್ತಿತ್ತು" ಎಂದಳು ಬಂಡೆಮ್ಮ.

ಟೇಪು ಜೋರಾಗಿದ್ದರೆ ಮಾವನಿಗೆ ಫೋನು ಕೇಳಿಸುವುದಿಲ್ಲ. ಜೋರಾದಷ್ಟೂ ಆ ಸಣ್ಣ ತಂತಿ ಕಾಯುತ್ತದೆ. ತಗಡಿನ ಅಂಚಿನಲ್ಲಿ ಟ್ಯೂಬಿನ ತುಂಡು ಜಾರಿದರೆ ಮುಗಿಯಿತು. ಗಾಡಿಯೊಳಗೆ ಅಕ್ಕ, ಮಾವ, ಎರಡು ಮಕ್ಕಳು, ಮಾವನ ತಾಯಿ ಗದಿಗೆಮ್ಮ, ಐದು ಜೀವ. ಅವನು ಶೆಟರು ಎಳೆಯದೆ ಬೈಕು ಹತ್ತಿದ.

ತಾರ್ನಾಕಾದಲ್ಲಿ ಸಿಗ್ನಲ್ಲು ಹಾರಿಸಿದ. ಪೊಲೀಸಿನವನು ಸೀಟಿ ಊದಿದರೂ ತಿರುಗಿ ನೋಡಲಿಲ್ಲ. ವಿದ್ಯಾನಗರ ದಾಟುವಾಗ ದೂರದಲ್ಲಿ ಹೊಗೆ ಕಂಡು ಬೈಕನ್ನು ಇನ್ನಷ್ಟು ಜೋರು ಮಾಡಿದ. ಯಾರೋ ರಸ್ತೆ ಬದಿಯಲ್ಲಿ ಕಸಕ್ಕೆ ಬೆಂಕಿ ಇಟ್ಟಿದ್ದರು. ಎರಡು ಸಲ ಬೈಕು ನಿಲ್ಲಿಸಿ ಫೋನು ಹಚ್ಚಿದ, ಎರಡು ಸಲವೂ ರಿಂಗಾಗಿ ಕಟ್ಟಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಅಂತಾರೆ. ಇಲ್ಲಿ ಹೋಗುವುದು ಮಾನ ಒಂದೇ ಅಲ್ಲ ಎಂದು ಅವನಿಗೆ ಗೊತ್ತಿತ್ತು. ಮೂವತ್ತು ರೂಪಾಯಿಯ ಸಾಮಾನು, ಮೂವತ್ತು ರೂಪಾಯಿ ಎಂದು ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ.

ನಾಂಪಲ್ಲಿಯಲ್ಲಿ ಜನಜಾತ್ರೆ. ಗಾಡಿ ನಿಲ್ಲಿಸುವ ಬಯಲಿನಲ್ಲಿ ಇರುವೆ ಸಾಲಿನಂತೆ ಗಾಡಿಗಳು. ಬಿಳಿ ಸುಮೋಗಳೇ ಇಪ್ಪತ್ತೋ ಮೂವತ್ತೋ. ಗುರುಶಾಂತ ಒಂದೊಂದರ ನಂಬರು ನೋಡುತ್ತ ಓಡಿದ. ಮೂರನೆಯ ಸಾಲಿಗೆ ಬಂದಾಗ ಎಲ್ಲಿಂದಲೋ ತತ್ವಪದ ಕೇಳಿಸಿತು. ಏಕತಾರಿಯ ಗುಂಯ್‌ಗುಡುವಿಕೆಯೂ ಬಿಡಿಬಿಡಿಯಾಗಿ, ದುಂಡಗೆ ಬರುತ್ತಿತ್ತು. ಆ ಸ್ಪೀಕರು ತನ್ನದೇ. ಕ್ಷಣ ಮಾತ್ರ ಹೆಮ್ಮೆ ಎನಿಸಿತು. ಮರುಕ್ಷಣ ತನ್ನ ಮೇಲೆ ತನಗೇ ಹೇಸಿಗೆ ಬಂತು.

ಗಾಡಿಯಲ್ಲಿ ಗದಿಗೆಮ್ಮ ಒಬ್ಬಳೇ ಇದ್ದಳು. ಮೊಣಕಾಲು ನೋವಿನ ಮುದುಕಿ ಜನರ ನೂಕಾಟದಲ್ಲಿ ನಡೆಯಲಾರೆ ಎಂದಿರಬೇಕು. ಅವಳಿಗೆ ಕ್ಯಾಸೆಟ್ ಹಚ್ಚಿಕೊಟ್ಟು, ಧೂಳು ಬರಬಾರದೆಂದು ಗಾಜು ಏರಿಸಿ, ಬಾಗಿಲು ಲಾಕ್ ಮಾಡಿ ಉಳಿದವರು ಒಳಗೆ ಹೋಗಿದ್ದರು. ನಡುವಿನ ಸೀಟಿನಲ್ಲಿ ಕಾಲು ಚಾಚಿ, ಕಣ್ಣು ಮುಚ್ಚಿ, ತಲೆ ತೂಗುತ್ತ ಕುಳಿತಿದ್ದಳು. ಬಾನೆಟ್ಟಿನ ಸಂದಿಯಿಂದ ರಬ್ಬರು ಸುಟ್ಟ ವಾಸನೆ ಬರುತ್ತಿತ್ತು.

ಗುರುಶಾಂತ ಗಾಜು ಬಡಿದ. ಎರಡು ಕೈಯಿಂದ ಬಡಿದ ಮೇಲೆ ಮುದುಕಿ ಕಣ್ಣು ತೆರೆದಳು, ಅವನನ್ನು ಕಂಡು ಬೊಚ್ಚುಬಾಯಿ ತುಂಬ ನಕ್ಕಳು.

"ಅತ್ತಿ, ಬಾಗಲಾ ತೆಗೀರಿ, ಆ ಲಾಕಿನ ಕರೇ ಗುಬ್ಬಿ ಮ್ಯಾಲ ಎತ್ತರಿ."

ಅವಳಿಗೆ ಕೇಳಿಸಲಿಲ್ಲ. ಹಾಡಿನ ಕಡೆಗೆ ಬೆರಳು ತೋರಿಸಿ, ಭಾಳ ಚಲೋ ಐತಿ ಎಂಬಂತೆ ಕೈ ಆಡಿಸಿದಳು. ಎಕ್ಸಿಬಿಷನ್ ಗೇಟಿನತ್ತ ತೋರಿಸಿ, ಅವರು ಅಲ್ಲಿದ್ದಾರೆ ಎಂದು ಸನ್ನೆ ಮಾಡಿದಳು. ಅವನು ಲಾಕಿನ ಗುಬ್ಬಿ ತೋರಿಸಿದರೆ ಅವಳು ಕಿಟಕಿಯ ಹಿಡಿ ಮುಟ್ಟಿದಳು, ಅದೂ ತಿರುಗಲಿಲ್ಲ. ಬಾನೆಟ್ ತೆರೆಯುವ ಹಿಡಿಯೂ ಒಳಗೇ, ಸ್ಟೇರಿಂಗಿನ ಕೆಳಗೆ. ಇಷ್ಟರಲ್ಲಿ ಡ್ಯಾಶ್‌ಬೋರ್ಡಿನ ಅಂಚಿನಿಂದ ಹೊಗೆಯ ಎಳೆಯೊಂದು ಎದ್ದಿತು. ಮುದುಕಿ ಅದನ್ನು ನೋಡಿ ಸೆರಗು ಮೂಗಿಗೆ ಹಿಡಿದಳು. ಅವಳ ಮುಖದಲ್ಲಿ ಈಗ ನಗು ಇರಲಿಲ್ಲ.

ಗುರುಶಾಂತ ಕಲ್ಲೊಂದನ್ನು ಹೆಕ್ಕಿ ಡ್ರೈವರ್ ಬದಿಯ ಗಾಜಿಗೆ ಹೊಡೆದ. ಒಂದೇಟಿಗೆ ಒಡೆಯಲಿಲ್ಲ, ಎರಡನೆಯದಕ್ಕೆ ಪುಡಿಯಾಯಿತು. ಒಳಗೆ ಕೈ ಹಾಕಿ ಬಾಗಿಲು ತೆರೆದು, ಹಿಡಿ ಜಗ್ಗಿ, ಓಡಿಬಂದು ಬಾನೆಟ್ ಎತ್ತಿದ. ಕೆಂಪು ತಂತಿಯ ಮೈಮೇಲಿನ ಪ್ಲಾಸ್ಟಿಕ್ಕು ಮೇಣದಂತೆ ಮೆತ್ತಗಾಗಿತ್ತು. ನಟ್ಟು ಬಿಚ್ಚಲು ಪಾನಾ ಇರಲಿಲ್ಲ. ಬರಿಗೈಯಲ್ಲೇ ತಂತಿಯನ್ನು ಸುತ್ತಿ ಹಿಡಿದು ಮೈಯೆಲ್ಲ ಹಿಂದಕ್ಕೆ ಹಾಕಿ ಎಳೆದ. ಅಂಗೈ ಚುರುಚುರು ಎಂದಿತು, ಬಿಡಲಿಲ್ಲ. ತಂತಿ ಬ್ಯಾಟರಿಯಿಂದ ಕಿತ್ತು ಬಂತು. ಹಾಡು ನಿಂತಿತು.

ಹಿಂದಿನ ಬಾಗಿಲು ತೆರೆದು ಮುದುಕಿಯನ್ನು ಎತ್ತಿ ಹೊರಗೆ ತಂದು ಕೂರಿಸಿದ. ತಂತಿ ತಗಡನ್ನು ದಾಟುವ ಜಾಗ ಪರೀಕ್ಷಿಸಿದ. ಟ್ಯೂಬಿನ ತುಂಡು ಆಗಲೇ ಜಾರಿಹೋಗಿತ್ತು. ತಾಮ್ರಕ್ಕೂ ತಗಡಿಗೂ ನಡುವೆ ಉಳಿದಿದ್ದದ್ದು ಉಗುರಿನಷ್ಟೂ ದಪ್ಪವಿಲ್ಲದ ಕರಗಿದ ಪ್ಲಾಸ್ಟಿಕ್ಕು. ಗದಿಗೆಮ್ಮನ ಪಕ್ಕದಲ್ಲೇ ನೆಲದ ಮೇಲೆ ಕುಳಿತು ಅತ್ತ.

"ಯಾಕ ಅಳ್ತಿಯೋ ಮಗನ, ನನಗೇನೂ ಆಗಿಲ್ಲ" ಎಂದು ಮುದುಕಿ ಅವನ ತಲೆ ಸವರಿದಳು.

ಅಷ್ಟರಲ್ಲಿ ಜನ ಸೇರಿದ್ದರು. ಅವರಲ್ಲಿ ಯಾರೋ ಗೇಟಿನವರಿಗೆ ಹೇಳಿ ಮೈಕಿನಲ್ಲಿ ಗಾಡಿಯ ನಂಬರು ಕೂಗಿಸಿದ್ದನ್ನು ಕೇಳಿ ಚಂದ್ರಾಮ ಓಡಿ ಬಂದ. ಹಿಂದೆಯೇ ಮಕ್ಕಳ ಕೈ ಹಿಡಿದು ಶಿವದೇವಿ. ಗುರುಶಾಂತ ಒಂದನ್ನೂ ಮುಚ್ಚಿಡದೆ ಹೇಳಿದ. ಚಂದ್ರಾಮ ಒಡೆದ ಗಾಜನ್ನೂ ಸುಟ್ಟ ತಂತಿಯನ್ನೂ ತಾಯಿಯನ್ನೂ ನೋಡಿ, ಬಂಪರಿಗೆ ಒರಗಿ ನಿಂತ. ನಾಳೆ ಇದೇ ಗಾಡಿಯಲ್ಲಿ ಯಾರ ಯಾರದೋ ಹೆಣ್ಣುಮಕ್ಕಳು ಕೂರುವವರಿದ್ದರು.

"ಹೊರಗಿನವರ ಗಾಡಿಗೆ ಆ ಫ್ಯೂಜು ಹಾಕ್ತೀಯೇನು?" ಎಂದು ಕೇಳಿದಳು ಶಿವದೇವಿ.

"ಹಾಕ್ತೀನಿ ಅಕ್ಕಾ."

"ಎಲ್ಲಾರಿಗೂ?"

"ಎಲ್ಲಾರಿಗೂ."

"ನಮಗ ಯಾಕ ಹಾಕಲಿಲ್ಲ?"

ಅವನು ತಲೆ ತಗ್ಗಿಸಿದ. "ನಿನ್ನ ಕಡಿಂದ ರೊಕ್ಕ ತಗೊಳ್ಳಾಂಗಿಲ್ಲಲ್ಲ ಅಕ್ಕಾ. ಅದಕ ಇದ್ದಿದ್ರಾಗ ಹೊಂದಿಸಿದೆ."

ಶಿವದೇವಿ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಮಕ್ಕಳ ಕೈಯನ್ನು ಗಂಡನಿಗೆ ಕೊಟ್ಟು, ಸೊಂಟದ ಚೀಲದಿಂದ ಸುರುಳಿ ಸುತ್ತಿದ ನೋಟು ತೆಗೆದು ತಮ್ಮನ ಮುಂದೆ ಹಿಡಿದಳು.

"ತಗೋ."

"ಬ್ಯಾಡ ಅಕ್ಕಾ. ನಾನ ತರ್ತೀನಿ, ಎಲ್ಲಾ ಹೊಸಾದು ಹಾಕ್ತೀನಿ."

"ನೀ ತಂದಿದ್ದು ನೋಡೇನಿ. ಅಕ್ಕ ಅಂತ ತಿಳಕೊಂಡು ಮಾಡಿದ್ದೂ ನೋಡೇನಿ. ಈಗ ಗಿರಾಕಿ ಅಂತ ತಿಳಕೊಂಡು ಮಾಡು."

ಮೊದಲ ಸಂಬಳದ ಸೀರೆಯಿಂದ ಹಿಡಿದು ಇಷ್ಟು ವರ್ಷ ಅವನು ಅಕ್ಕನ ಕೈಗೆ ಕೊಟ್ಟವನೇ ಹೊರತು ಅವಳಿಂದ ಒಂದು ಪೈಸೆ ಈಸಿಕೊಂಡವನಲ್ಲ. ಶಿವದೇವಿ ಕೈ ಹಿಂದಕ್ಕೆ ತೆಗೆಯಲಿಲ್ಲ. ಗುರುಶಾಂತ ಸುಟ್ಟ ಅಂಗೈ ಚಾಚಿ ಆ ರೊಕ್ಕ ತೆಗೆದುಕೊಂಡ.