ಸೋದರಳಿಯನ ಕಣ್ಣು ಬೀಳದ ಲ್ಯಾಪ್‌ಟಾಪ್

ಬುರುಲ್ ಮಾಂಸ ತಿನ್ನುವುದನ್ನು ಬಿಟ್ಟಳು. ಕೋಚ್ಕೋರಿನಂಥ ಕುರಿಗಾಹಿಗಳ ಊರಿನಲ್ಲಿ ಇದು ಸಣ್ಣ ಸುದ್ದಿಯಲ್ಲ. ಕುರಿಯ ಕೊಬ್ಬು ಬೇಡವೆಂದ ಮೇಲೆ ಹೊಟ್ಟೆಯಲ್ಲಿ ಏನೋ ಕೆಟ್ಟಿರಬೇಕು ಎಂದರು ಕೆಲವರು, ಬಸುರಿ ಎಂದರು ಇನ್ನು ಕೆಲವರು. ಮಗಳನ್ನು ಮದುವೆ ಮಾಡಿ ಕಳಿಸಿದವಳಿಗೆ ಎಂಥ ಬಸಿರು! ಗೋಡೆಯಾಚೆಯ ಮನೆಯವಳಾದ ನನಗೆ ಕಾರಣ ಗೊತ್ತಿತ್ತು. ಬಾಯಿಗಳನ್ನು ನೋಡಿ ನೋಡಿ ಅವಳಿಗೆ ಸಾಕಾಗಿಹೋಗಿತ್ತು.

ಅವಳ ಕೆಲಸವೇ ಅದು. ಮದುವೆಯಿರಲಿ, ತೊಟ್ಟಿಲಿರಲಿ, ಮುದುಕರ ಅರವತ್ತರ ಸಂಭ್ರಮವಿರಲಿ, ನಮ್ಮಲ್ಲಿ ದೊಡ್ಡ ಔತಣವೆಲ್ಲ ತೋಯ್; ಪ್ರತಿ ತೋಯ್‌ಗೂ ಒಂದು ವಿಡಿಯೊ ಆಗಲೇಬೇಕು. ಚಿತ್ರ ತೆಗೆದವರು ತಂದು ಬುರುಲ್‌ಗೆ ಕೊಡುತ್ತಾರೆ. ಕತ್ತರಿಸಿ, ಜೋಡಿಸಿ, ಹಾಡು ಕೂಡಿಸುವುದು ಅವಳ ಪಾಲು. ಒಬ್ಬ ಬಂಧುವಿನ ಮುಖವೂ ಬಿಟ್ಟುಹೋಗಕೂಡದು, ಹೋದರೆ ಜಗಳ. ಆ ಮುಖಗಳೋ ತಿನ್ನುತ್ತಲೇ ಇರುತ್ತವೆ. ಮೂಳೆ ಚೀಪುವ ತುಟಿ, ಗಲ್ಲದಿಂದ ಇಳಿಯುವ ಜಿಡ್ಡು, ಭಾಷಣದ ನಡುವೆ ಹಲ್ಲಿನ ಸಂದಿಗೆ ಹೋಗುವ ಉಗುರು, ಮೇಜಿನ ಕೆಳಗೆ ಪ್ಲಾಸ್ಟಿಕ್ ಚೀಲಕ್ಕೆ ಇಳಿಯುವ ತೊಡೆಮಾಂಸ. ಅಷ್ಟನ್ನೂ ಅವಳು ಹಿಂದೆ ಮುಂದೆ ಓಡಿಸಿ, ನಿಧಾನ ಮಾಡಿ, ದೊಡ್ಡದು ಮಾಡಿ ನೋಡಬೇಕು.

"ದೇವರು ಬಾಯನ್ನ ಮುಖದ ಮೇಲೇ ಯಾಕಿಟ್ಟ? ಎಲ್ಲಾದ್ರೂ ಮರೆಯಲ್ಲಿ ಇಡಬಾರದಿತ್ತಾ?" ಎನ್ನುತ್ತಿದ್ದಳು.

ಆದರೂ ಆ ಕೆಲಸವನ್ನು ಅವಳು ಬಿಡುವವಳಲ್ಲ. ಇಡೀ ಒಂದು ದಿನದ ತಿನ್ನಾಟದ ನಡುವೆ ಎಲ್ಲೋ ಒಂದು ಕಡೆ, ಹೆತ್ತವಳೊಬ್ಬಳು ಮದುಮಗಳ ಕಿವಿಯ ಹಿಂದಿನ ಕೂದಲನ್ನು ಸರಿಮಾಡಿ, ಮಾಡಿದ್ದನ್ನು ಯಾರೂ ನೋಡಲಿಲ್ಲವೆಂದುಕೊಂಡು ಬೆರಳುಗಳನ್ನು ಮೂಸುತ್ತಿರುತ್ತಾಳೆ. ಬುರುಲ್ ಅಂಥದನ್ನು ಬಿಡುತ್ತಿರಲಿಲ್ಲ. ಆ ಒಂದು ಉಸಿರಿಗೆ ಜಾಗ ಮಾಡಿಕೊಡಲು ಎಂಥ ದೊಡ್ಡ ಮನುಷ್ಯನ ಭಾಷಣವನ್ನಾದರೂ ಕತ್ತರಿಸುತ್ತಿದ್ದಳು. ನಮ್ಮ ಕಣಿವೆಯ ಜನ ತಮ್ಮ ಮದುವೆಯ ವಿಡಿಯೊ ನೋಡಿ ಅಳುವುದಿದ್ದರೆ ಅದು ಅವಳ ಕೈಗುಣ.

ಈಚೆಗೆ ಅವಳ ಹಳೆಯ ಲ್ಯಾಪ್‌ಟಾಪ್ ಕೈಕೊಡುತ್ತಿತ್ತು. ಹೊಸ ಕ್ಯಾಮೆರಾಗಳು ತರುವ ಚಿತ್ರದ ಭಾರವನ್ನು ಅದು ತಡೆಯಲಾರದು. ಅಡಿಭಾಗ ರೊಟ್ಟಿ ಸುಡುವ ಹಾಗೆ ಕಾಯುತ್ತಿತ್ತು. ಬಾಯಿ ತೆರೆದ ಮುದುಕನೊಬ್ಬ ಪರದೆಯ ಮೇಲೆ ನಿಂತರೆ ಅವಳು ಹಿಟ್ಟು ನಾದಿ ಬರುವವರೆಗೂ ಬಾಯಿ ತೆರೆದೇ ಇರುತ್ತಿದ್ದ. ಚಿತ್ರ ತೆಗೆಯುವವರು ಕೊನೆಗೆ, ಹಿರಿಯ ಹೆಂಗಸರನ್ನು ಕರೆಯುವಂತೆ ಎಜೆ, ಅಂದರೆ ಅಕ್ಕ, ಎಂದು ಕರೆದು ಬಾಯಿಬಿಟ್ಟು ಹೇಳಿದರು: "ಎಜೆ, ನಿಮ್ಮ ಕೈ ಚೆಂದ, ನಿಜ. ಆದ್ರೆ ಮದುವೆಯಾದೋರಿಗೆ ಮಗು ಹುಟ್ಟಿದ ಮೇಲೆ ಮದುವೆ ವಿಡಿಯೊ ಕೊಟ್ರೆ ಹೇಗೆ? ಈ ಸುಗ್ಗಿಗೆ ಹೊಸ ಮೆಷಿನ್ ತಗೊಳ್ಳಿ. ಇಲ್ದಿದ್ರೆ ಬಿಷ್ಕೆಕ್‌ನಲ್ಲಿ ಬೇರೆಯವರಿದಾರೆ."

ಅವಳ ಬಳಿ ದುಡ್ಡಿತ್ತು, ಅವಳೇ ದುಡಿದದ್ದು. ಒಳ್ಳೆಯ, ಭಾರ ಎಳೆಯಬಲ್ಲ ಯಂತ್ರಕ್ಕೆ ಸಾಲುವಷ್ಟಿತ್ತು. ತೊಡಕು ಇದ್ದದ್ದು ದುಡ್ಡಿನಲ್ಲಲ್ಲ, ಕುಬಾನ್‌ನಲ್ಲಿ.

ಕುಬಾನ್ ಅವಳ ಗಂಡ ಎಸೆನ್‌ನ ಅಕ್ಕನ ಮಗ. ತಾಯಿಯ ತಮ್ಮನಿಗೆ ನಾವು ತಾಯಾಕೆ ಎನ್ನುತ್ತೇವೆ. ತಾಯಾಕೆಯ ಮನೆಗೆ ಬಂದ ಸೋದರಳಿಯ ಯಾವುದಕ್ಕೆ ಕೈ ತೋರಿಸಿದರೂ ಇಲ್ಲ ಎನ್ನುವಂತಿಲ್ಲ. ಚಿಕ್ಕವನಿದ್ದಾಗ ಕುಬಾನ್ ಬಿಳಿ ಹಣೆಯ ಒಂದು ಕುದುರೆಮರಿ ಕೇಳಿದ್ದ. ಎಸೆನ್ ಅದಕ್ಕೆ ಕೆಂಪು ದಾರ ಕಟ್ಟಿ ಕೊಟ್ಟಿದ್ದ. ಮಗು ಅದರ ಕುತ್ತಿಗೆ ತಬ್ಬಿಕೊಂಡದ್ದು ನೋಡಿ ನಾವೆಲ್ಲ ಕಣ್ಣೊರೆಸಿಕೊಂಡೆವು. ಚೆಂದದ ಪದ್ಧತಿ. ಆದರೆ ಮಗುವಿನ ಅಳತೆಗೆ ಹೊಲಿದ ಆ ಅಂಗಿಯನ್ನು ಕುಬಾನ್ ಕತ್ತು ದಪ್ಪವಾಗಿ, ಕಾರು ಮಾರುವ ವ್ಯಾಪಾರ ಹಿಡಿದು, ಎರಡು ಮಕ್ಕಳ ತಂದೆಯಾದ ಮೇಲೂ ಕಳಚಲಿಲ್ಲ. ತಾಯಾಕೆಯ ಚರ್ಮದ ಕೋಟು ಹೋಯಿತು. ದುರ್ಬೀನು ಹೋಯಿತು. ಗೋಡೆಯ ಟಿ.ವಿ.ಯನ್ನು ಮೊಳೆಗಳ ಸಮೇತ ಕಿತ್ತುಕೊಂಡು ಹೋದ. ಶಾಲೆಯ ಬಸ್ಸು ಓಡಿಸುವ ಎಸೆನ್ ಪ್ರತಿ ಸಲವೂ ಗೇಟಿನವರೆಗೆ ತಾನೇ ಹೊತ್ತು ತಂದು ಕಾರಿಗಿಟ್ಟು, ಹಲ್ಲು ಬಿಟ್ಟು ನಗುತ್ತಾ ನಿಲ್ಲುತ್ತಿದ್ದ. ಆ ನಗು ಕಂಡರೆ ಬುರುಲ್‌ಗೆ ಕುಬಾನ್‌ನ ಹೊಟ್ಟೆಬಾಕತನಕ್ಕಿಂತ ಹೆಚ್ಚು ಹೇಸಿಗೆಯಾಗುತ್ತಿತ್ತು.

ರಾಜಧಾನಿ ಬಿಷ್ಕೆಕ್‌ಗೆ ನನ್ನನ್ನೂ ಕರೆದುಕೊಂಡು ಹೋದಳು. ಅಂಗಡಿಯವನು ಅತ್ತರು ಬಳಿದುಕೊಂಡ ತರುಣ.

"ಯಾರಿಗೆ ಎಜೆ? ಮಗನಿಗಾ? ಗೇಮ್ ಆಡ್ತಾನಾ?"

"ನನಗೆ. ತೋಯ್ ವಿಡಿಯೊ ಮಾಡ್ತೀನಿ."

"ಮೊದಲೇ ಹೇಳ್ಬಾರದಾ!" ಎಂದು ಅವನು ಮೇಲಿನ ಸಾಲಿನಿಂದ ಕಪ್ಪು ಲೋಹದ ಒಂದು ಲ್ಯಾಪ್‌ಟಾಪ್ ಇಳಿಸಿದ. ಬುರುಲ್ ಬ್ಯಾಗಿನಿಂದ ತನ್ನ ಡ್ರೈವ್ ತೆಗೆದು ಚುಚ್ಚಿದಳು. ಹಳೆಯ ಯಂತ್ರ ಏದುಸಿರು ಬಿಡುತ್ತಿದ್ದ ಚಿತ್ರವೇ ಅದು. ಇಲ್ಲಿ ಮುಟ್ಟಿದ ಕಡೆ ಓಡಿತು, ಬಿಟ್ಟ ಕಡೆ ನಿಂತಿತು. ಮಂಜು ಕರಗಿದ ಹೊಳೆಯ ಹಾಗೆ ಅಡೆತಡೆಯಿಲ್ಲದೆ ಹರಿಯಿತು. ಅವಳ ಮುಖ ನೋಡಿದೆ. ಅಷ್ಟು ಹಗುರವಾದ ಮುಖವನ್ನು ಅವಳಲ್ಲಿ ನಾನು ಕಂಡೇ ಇರಲಿಲ್ಲ.

ಅಷ್ಟರಲ್ಲಿ ಎಸೆನ್ ಫೋನು. ಅವನ ದನಿ ನನಗೂ ಕೇಳುವಷ್ಟು ಜೋರು.

"ತಗೊಂಡ್ಯಾ? ಒಳ್ಳೇದೇ ತಗೋ, ಜುಗ್ಗತನ ಮಾಡ್ಬೇಡ. ಭಾನುವಾರ ಕುಬಾನ್ ಬರ್ತಾನಂತೆ. ಮನೇಲಿ ಹೊಸದು ಏನಾದ್ರೂ ಇದ್ರೆ ನಮಗೂ ಒಂದು ಮರ್ಯಾದೆ."

ಬುರುಲ್ ಫೋನು ಇಟ್ಟಳು. ಕಪ್ಪು ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ, ಸತ್ತವರ ಕಣ್ಣು ಮುಚ್ಚುವ ಹಾಗೆ ಮುಚ್ಚಿದಳು.

"ಯಾಕೆ?" ಎಂದೆ.

"ಇದನ್ನ ಹೊತ್ಕೊಂಡು ಹೋಗೋ ಅವನ ಕೈ ಕಾಣ್ತಿದೆ, ಎಜೆ. ಜಿಡ್ಡು ಸಮೇತ." ಅಂಗಡಿಯವನಿಗೆ ಕೆಳಗಿನ ಸಾಲಿನತ್ತ ಬೆರಳು ಮಾಡಿದಳು. "ಅದನ್ನ ತೋರ್ಸು."

ಅದು ಬೂದುಬಣ್ಣದ ಪ್ಲಾಸ್ಟಿಕ್ಕಿನದು, ಅಂಗಡಿಯಲ್ಲೇ ಅಗ್ಗ. ಕೀಲಿಗಳು ಒತ್ತಿದರೆ ಸಡಿಲ ಹಲ್ಲಿನ ಹಾಗೆ ಅಲ್ಲಾಡುತ್ತಿದ್ದವು. ಅಂಗಡಿಯವನಿಗೆ ತಡೆಯಲಾಗಲಿಲ್ಲ. "ಇದರಲ್ಲಿ ವಿಡಿಯೊನಾ? ಎಜೆ, ಕತ್ತೆ ಮೇಲೆ ಇಡೀ ಯೂರ್ತ್ ಗುಡಾರ ಹೇರ್ತಿದೀರಿ. ನಾನು ವ್ಯಾಪಾರಿ, ಯಾವುದಾದ್ರೂ ಮಾರ್ತೀನಿ. ಆದ್ರೆ ಇದು ಪಾಪ."

"ಕತ್ತೇನ ಯಾರೂ ಕೇಳೋದಿಲ್ಲ. ಕಟ್ಟಿಕೊಡು."

ದಾರಿಯುದ್ದಕ್ಕೂ ಅವಳು ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಳ್ಳಲಿಲ್ಲ. ಕಾಲ ಬಳಿ ಇಟ್ಟಿದ್ದಳು, ಆಲೂಗಡ್ಡೆ ಚೀಲದಂತೆ.

ಭಾನುವಾರ ಕುರಿ ಕಡಿದರು. ಬೀದಿಯ ಹಿರಿಯ ಸಾಪರ್ ಅಜ್ಜನನ್ನೂ ನನ್ನನ್ನೂ ಕರೆದಿದ್ದರು. ಕುಬಾನ್ ಗೌರವದ ಮೇಲಿನ ಜಾಗದಲ್ಲಿ ದಿಂಬಿಗೊರಗಿ ಕುಳಿತು ಉಂಡ. ಉಂಡ ಎನ್ನುವುದಕ್ಕಿಂತ ಎದುರಿಗಿದ್ದದ್ದೆಲ್ಲ ಅವನೊಳಗೆ ಹೋಯಿತು ಎನ್ನಬೇಕು. ಆಮೇಲೆ ಬಾಯೊರೆಸಿಕೊಂಡು ಸುತ್ತ ಕಣ್ಣಾಡಿಸಿದ.

"ಏನ್ ತಾಯಾಕೆ, ಮನೇಲಿ ಹೊಸದೇನೂ ಕಾಣ್ತಿಲ್ವಲ್ಲ. ತಾಯ್ಜೆನೆ ಬಿಷ್ಕೆಕ್‌ಗೆ ಹೋಗಿದ್ರು ಅಂತ ಅಮ್ಮ ಹೇಳಿದ್ಳು." ತಾಯ್ಜೆನೆ ಎಂದರೆ ತಾಯಾಕೆಯ ಹೆಂಡತಿ, ಬುರುಲ್.

ಎಸೆನ್ ಎದ್ದು ಓಡಿದ. ಒಳಗಿನಿಂದ ಆ ಬೂದು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ತಂದು ಸೋದರಳಿಯನ ಮುಂದಿಟ್ಟ. ಕುಬಾನ್ ಮುಚ್ಚಳ ತೆರೆದು ಪರದೆಯನ್ನು ಹೆಬ್ಬೆರಳಿನಿಂದ ಒತ್ತಿದ. ಕೊಬ್ಬಿನ ಗುರುತು ಅಲ್ಲೇ ಉಳಿಯಿತು.

"ಅಯ್ಯೋ ತಾಯ್ಜೆನೆ! ಇದಕ್ಕೆ ನೀವು ದುಡ್ಡು ಕೊಟ್ರಾ? ಇಲ್ಲಾ ಹೊತ್ಕೊಂಡು ಹೋದ್ರೆ ಸಾಕು ಅಂತ ಅಂಗಡಿಯವನೇ ನಿಮಗೆ ಕೊಟ್ನಾ?"

ಎಲ್ಲರೂ ನಕ್ಕರು. ಬುರುಲ್ ಕೂಡ ನಕ್ಕು ಅವನ ಬಟ್ಟಲಿಗೆ ಚಹಾ ಬಗ್ಗಿಸಿದಳು. ಗೆದ್ದೆ ಎನ್ನುವಂತೆ ನನ್ನತ್ತ ಒಂದು ನೋಟ ಹರಿಸಿದಳು. ಎಸೆನ್ ಮಾತ್ರ ಕಿವಿಯವರೆಗೆ ಕೆಂಪಾಗಿದ್ದ. ಸೋದರಳಿಯ ಕೇಳುವಂಥದು ಮನೆಯಲ್ಲಿ ಒಂದೂ ಇಲ್ಲವಲ್ಲ ಎಂಬ ನಾಚಿಕೆ ಅವನಿಗೆ.

ಕುಬಾನ್ ಚಹಾ ಕುಡಿದು ತೇಗಿದ. "ಹೋಗ್ಲಿ ಬಿಡಿ. ನಾನು ಬರಿಗೈಲಿ ಹೋದ್ರೆ ತಾಯಾಕೆಗೇ ಅವಮಾನ. ಮಗಳು ಕಾರ್ಟೂನ್ ನೋಡ್ತಾಳೆ, ಬಿದ್ದು ಒಡೆದ್ರೂ ಚಿಂತೆಯಿಲ್ಲ. ಇದನ್ನೇ ತಗೊಂಡ್ ಹೋಗ್ತೀನಿ."

"ತಗೋ ಮಗಾ, ತಗೋ!" ಎಸೆನ್‌ಗೆ ಹೋದ ಜೀವ ಬಂದಂತಾಯಿತು. "ನಿನ್ನದೇ ಮನೆ ಇದು."

ಬುರುಲ್ ಚಹಾದ ಪಾತ್ರೆ ಕೆಳಗಿಟ್ಟಳು. ಅವಳ ಮುಖ ಬಿಳಿಚಿಕೊಂಡಿತ್ತು. ಆ ಅಗ್ಗದ ಡಬ್ಬಿಯಲ್ಲಿ ಅರ್ಧ ಕತ್ತರಿಸಿದ ಒಂದು ಮದುವೆ ಇತ್ತು. ಆದರೆ ಅವಳನ್ನು ಹಿಡಿದು ಅಲುಗಿಸಿದ್ದು ಅದಲ್ಲವೆಂದು ಈಗ ನನಗನ್ನಿಸುತ್ತದೆ. ಒಳ್ಳೆಯದೆಂದು ತೆಗೆದುಕೊಳ್ಳುವವನ ಕಣ್ಣು ತಪ್ಪಿಸಬಹುದು. ತೆಗೆದುಕೊಳ್ಳಬಹುದು ಎಂಬುದಕ್ಕೇ ತೆಗೆದುಕೊಳ್ಳುವವನ ಮುಂದೆ ಯಾವ ಬೂದುಬಣ್ಣವೂ ಕೆಲಸಕ್ಕೆ ಬರುವುದಿಲ್ಲ.

"ಕೊಡೋದಿಲ್ಲ" ಎಂದಳು.

ಸಾಪರ್ ಅಜ್ಜ ಗಡ್ಡ ಸವರಿಕೊಂಡು, "ಬುರುಲ್, ತಾಯೀ, ಸೋದರಳಿಯನ ಮನಸ್ಸು ನೋಯಿಸಬಾರದಮ್ಮಾ. ಹಾಗೆ ಮಾಡಿದೋರ ಕೈ ನಡುಗುತ್ತೆ" ಎಂದ.

"ನಡುಗಲಿ ಅಜ್ಜಾ." ಅವಳು ಕುಬಾನ್‌ನತ್ತ ತಿರುಗಿದಳು. "ಕುದುರೆಮರಿ ನಿನ್ನ ತಾಯಾಕೆಯದು, ಕೊಟ್ಟ. ಕೋಟು ಅವನದು, ಕೊಟ್ಟ. ಆ ಟಿ.ವಿ. ನನ್ನದಾಗಿತ್ತು, ಅವನೇ ಕೊಟ್ಟ, ನಾನು ಬಾಯಿ ಮುಚ್ಚಿಕೊಂಡೆ. ಇದು ನನ್ನದು. ನಾನೇನು ನಿನ್ನ ತಾಯಾಕೆಯಾ?"

"ತಾಯಾಕೆ, ಕೇಳಿದ್ರಾ?" ಕುಬಾನ್ ಇನ್ನೂ ನಗುತ್ತಲೇ ಇದ್ದ. "ಒಂದು ಡಬ್ಬಿಗೆ ಇಷ್ಟೊಂದು ಮಾತಾ!"

"ಡಬ್ಬಿ ಅಂತಾನೇ ಕಣೋ ತಂದದ್ದು. ನಿನಗೆ ಬೇಡವಾಗಲಿ ಅಂತ. ನಾಯಿ ಮೂಸದೇ ಇರೋದನ್ನ ಹುಡುಕಿ ತಂದೆ. ಅದನ್ನೂ ಬಿಡಲ್ಲ ನೀನು."

ಅವಳು ಬಗ್ಗಿ ಲ್ಯಾಪ್‌ಟಾಪನ್ನು ಅವನ ಮೊಣಕಾಲ ಬಳಿಯಿಂದ ಎತ್ತಿಕೊಂಡಳು. ಲಂಗದ ಅಂಚಿನಿಂದ ಪರದೆಯ ಜಿಡ್ಡು ಒರೆಸಿದಳು. ಅದು ಹೋಗಲಿಲ್ಲ, ಇನ್ನಷ್ಟು ಹರಡಿತು. ಒರೆಸುತ್ತಲೇ ಒಳಗೆ ಹೋದಳು.

ಊಟ ಮುಗಿದ ಮೇಲೆ ಅಂಗೈಗಳಿಂದ ಮುಖ ಸವರಿ ಮನೆಗೆ ಹರಸಿ ಏಳಬೇಕು. ಕುಬಾನ್ ಅದನ್ನೂ ಮಾಡದೆ ಎದ್ದ. ಆದರೆ ಮನೆಗೊಯ್ಯಲು ಕಟ್ಟಿಕೊಟ್ಟಿದ್ದ ಮಾಂಸದ ಚೀಲವನ್ನು ಮರೆಯಲಿಲ್ಲ. ಎಸೆನ್ ಅವನ ಹಿಂದೆ ಗೇಟಿನವರೆಗೆ ಹೋದ, ಏನೋ ಹೇಳುತ್ತಾ, ಎದೆ ಮುಟ್ಟಿಕೊಳ್ಳುತ್ತಾ.

ನಾನು ಒಳಗೆ ಹೋದೆ. ಬುರುಲ್ ಸೋಪು ಹಾಕಿ ಕೈ ತೊಳೆಯುತ್ತಿದ್ದಳು.

"ಒಳ್ಳೇದೇ ಮಾಡಿದೆ, ಬಿಡು. ಅವನು ಹಾಗೇ" ಎಂದೆ.

"ಅವನ ಮಾತು ಯಾಕೆ ಎಜೆ? ಅವನು ತಿನ್ನೋನು, ತಿಂದ." ಅವಳು ಇನ್ನೊಮ್ಮೆ ಸೋಪು ಹಚ್ಚಿಕೊಂಡಳು. "ಅಷ್ಟು ಒಳ್ಳೆ ಮೆಷಿನ್ ಎದುರಿಗಿತ್ತು. ನನ್ನ ಕೆಲಸಕ್ಕೆ ಯಾವುದು ಬೇಕು ಅಂತ ನನಗೆ ಗೊತ್ತಿತ್ತು. ಆದ್ರೂ ಅವನ ಬಾಯಿ ಅಳತೆ ನೋಡ್ಕೊಂಡು ಆರಿಸಿದೆನಲ್ಲ! ಥೂ, ನನ್ನ ಮೇಲೇ ನನಗೆ ಅಸಹ್ಯ."

ಆ ವಾರವೇ ಅವಳು ಒಬ್ಬಳೇ ಬಿಷ್ಕೆಕ್‌ಗೆ ಹೋಗಿಬಂದಳು. ಅಂಗಡಿಯವನು ಬೂದು ಲ್ಯಾಪ್‌ಟಾಪನ್ನು ಗೊಣಗಿಕೊಂಡು, ಬೆಲೆ ಮುರಿದುಕೊಂಡು ವಾಪಸು ತೆಗೆದುಕೊಂಡನಂತೆ. ಅವಳು ಚೌಕಾಸಿ ಮಾಡಲಿಲ್ಲ. ಸಂಜೆ ನಾನು ಹಾಲಿನ ಪಾತ್ರೆ ಹಿಂದಿರುಗಿಸಲು ಹೋದಾಗ ಕಪ್ಪು ಲ್ಯಾಪ್‌ಟಾಪ್ ಮನೆಯ ನಡುವಿನ ಮೇಜಿನ ಮೇಲೆ, ಬಾಗಿಲು ತೆರೆದರೆ ಎದುರಿಗೇ ಕಾಣುವಂತೆ ಕುಳಿತಿತ್ತು. ಎಸೆನ್ ಅದನ್ನು ಬಾವಿಯೊಳಗೆ ಇಣುಕುವವನಂತೆ ದೂರದಿಂದ ನೋಡುತ್ತಿದ್ದ.

"ಒಳಗಿನ ಕೋಣೇಲಿ ಇಟ್ಕೋಬಾರದಾ?" ಎಂದ.

"ಇಲ್ಲಿ ಬೆಳಕು ಚೆನ್ನಾಗಿದೆ."

"ಅಕ್ಕ ಫೋನ್ ಮಾಡಿದ್ಳು. ಅತ್ತಳು. ಅವನು ಮತ್ತೆ ಬಂದ್ರೆ?"

"ಬರ್ಲಿ. ಚಹಾ ಕೊಡ್ತೀನಿ."

"ಇದನ್ನ ಕೇಳಿದ್ರೆ? ನಾನು ಏನು ಹೇಳ್ಲಿ?"

"ನನ್ನದಲ್ಲ, ಬುರುಲ್‌ದು ಅನ್ನು."

"ನನ್ನ ಮನೇಲಿರೋದನ್ನ ನನ್ನದಲ್ಲ ಅಂತ ಹೇಗೆ ಹೇಳ್ಲಿ? ಜನ ಏನಂತಾರೆ?"

"ಈಗ ಇಲ್ಲಿ ಹೇಳಿ ನೋಡು. ಜನ ಅಂದ್ರೆ ಎಜೆ ಒಬ್ಬಳೇ ಇದಾಳೆ."

ಎಸೆನ್ ನನ್ನತ್ತ ನೋಡಿದ. ಅವನ ತುಟಿ ಅಲುಗಿತು. ಹೇಳಿಯೇಬಿಡುತ್ತಾನೆ ಎನ್ನುವಾಗ ತಲೆ ಕೆರೆದುಕೊಂಡು, ಹಲ್ಲು ಬಿಟ್ಟು ನಕ್ಕ. ಬುರುಲ್ ಆ ನಗುವನ್ನು ಪೂರ್ತಿ ನೋಡಲಿಲ್ಲ. ಅವನಿಗೆ ಬೆನ್ನು ಹಾಕಿ ಕುಳಿತು ಅರ್ಧಕ್ಕೆ ನಿಂತಿದ್ದ ಮದುವೆಯನ್ನು ತೆರೆದಳು. ಯಂತ್ರ ಸದ್ದಿಲ್ಲದೆ ಓಡತೊಡಗಿತು.

ಸ್ವಲ್ಪ ಹೊತ್ತಾದ ಮೇಲೆ ಎಸೆನ್ ಒಳಗಿನಿಂದ ಒಂದು ಬಟ್ಟಲು ಚಹಾ ತಂದು ಮೇಜಿನ ಮೇಲಿಟ್ಟ. ಹೆಂಡತಿಗೆ ಅವನು ಚಹಾ ತಂದುಕೊಟ್ಟದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅವಳು ಕಣ್ಣು ಪರದೆಯಿಂದ ಕೀಳದೆ ಬಟ್ಟಲನ್ನು ಲ್ಯಾಪ್‌ಟಾಪಿನಿಂದ ದೂರಕ್ಕೆ ಸರಿಸಿದಳು. ನಾನು ಹೊರಡುವಾಗ ಅದು ಆರಿ, ಮೇಲೆ ಹಾಲಿನ ಕೆನೆ ಕಟ್ಟಿತ್ತು.